ಹಿಲ್ಡಾಳ ಬೋಗುಣಿ

ಓಸ್ಬರ್ಗಿನ ಲೂಥರನ್ ಚರ್ಚಿನವರು ನಾಯಿ ಬೋಗುಣಿಯಲ್ಲಿ ಊಟ ಮಾಡಿದರಂತೆ ಎಂದು ಪಕ್ಕದೂರಿನ ಕ್ಯಾಥೊಲಿಕರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಪ್ಪಟ ಸುಳ್ಳು. ಊಟವನ್ನೆಲ್ಲ ಅದರಲ್ಲಿ ಮಾಡಲಿಲ್ಲ, ಆಲೂಗಡ್ಡೆ ಸಲಾಡ್ ಒಂದನ್ನೇ ತಿಂದದ್ದು. ನಿಜವಾಗಿ ನಡೆದದ್ದು ಅವರು ಹೇಳುವುದಕ್ಕಿಂತ ಎಷ್ಟೋ ಕೆಟ್ಟದ್ದು. ಅದು ಇನ್ನೂ ಅವರ ಕಿವಿಗೆ ಬಿದ್ದಿಲ್ಲ, ನಮ್ಮ ಪುಣ್ಯ.

ಇದಕ್ಕೆಲ್ಲ ಮೂಲ ನಮ್ಮೂರ ನೀರು. ಮಿನೆಸೋಟಾದ ಈ ಮೂಲೆಯಲ್ಲಿ ನೆಲ ಅಗೆದರೆ ಸುಣ್ಣದ ಕಲ್ಲು. ಬಾವಿಯಿಂದ ಮೇಲೆ ಬರುವ ನೀರು ಒಂಟಿಯಾಗಿ ಬರುವುದಿಲ್ಲ, ಅರ್ಧ ಬಂಡೆಯನ್ನೂ ಹೊತ್ತುಕೊಂಡೇ ಬರುತ್ತದೆ. ಕೆಟಲಿನೊಳಗೆ ಕಲ್ಲು, ನಲ್ಲಿಯ ಮೂತಿಗೆ ಬಿಳಿ ಗಡ್ಡ, ತಲೆಗೆ ಸ್ನಾನ ಮಾಡಿದರೆ ಕೂದಲು ಪೊರಕೆ. ಯಾವ ಪಾತ್ರೆಯಲ್ಲಾದರೂ ನೀರು ನಿಂತಿತೋ, ಬೆಳಗಾಗುವಷ್ಟರಲ್ಲಿ ಅಂಚಿಗೆ ಬಿಳಿ ಕರೆ ಕಟ್ಟಿತು ಅಂತಲೇ ಲೆಕ್ಕ. ಉಜ್ಜಿದರೆ ಹೋಗದು, ಬೈದರೆ ಹೋಗದು. ಇಲ್ಲಿನ ಚಳಿಗಾಲವನ್ನೇ ಒಪ್ಪಿಕೊಂಡ ಜನ ನಾವು, ಒಂದು ಕರೆಯನ್ನು ಒಪ್ಪಿಕೊಳ್ಳಲಾರೆವೇ? ಒಪ್ಪಿಕೊಂಡಿದ್ದೆವು.

ಒಪ್ಪದವನು ಒಬ್ಬನೇ, ನನ್ನ ಪಕ್ಕದ ಮನೆಯ ಲೈಲ್ ಟಾಲೆಫ್ಸನ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಮನುಷ್ಯ ಒಳ್ಳೆಯವನು. ಒಳ್ಳೆಯವನು ಅಂದರೆ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಾರ, ಮಾಡದೆ ಸುಮ್ಮನೆ ಕೂರಲೂ ಆರ. ಅವನ ಹೆಂಡತಿ ಆರ್ಡಿಸ್ ಇದಕ್ಕೆ ತದ್ವಿರುದ್ಧ. ಅವಳು ಮಾತಾಡುವುದು ಕಡಿಮೆ, ಪಾತ್ರೆ ತೊಳೆಯುವುದು ಹೆಚ್ಚು.

ಪಾತ್ರೆ ಅಂದೆನಲ್ಲ, ಇಲ್ಲೊಂದು ರಾಜಕೀಯ ಹೇಳಬೇಕು. ನಮ್ಮ ಚರ್ಚಿಗೆ ಪಾಸ್ಟರುಗಳು ಬರುತ್ತಾರೆ, ಹೋಗುತ್ತಾರೆ, ಈಗಿರುವವರು ಹೆಂಗಸು. ನಿಜವಾದ ಅಧಿಕಾರ ಇರುವುದು ನೆಲಮಾಳಿಗೆಯ ಅಡುಗೆಮನೆಯ ಬೀಗದ ಕೈಯಲ್ಲಿ. ಆ ಕೈ ವರ್ನಾ ಹಾಗೆನ್ ಎಂಬ ಮುದುಕಿಯ ಸೊಂಟದಲ್ಲಿ ಜೋತಾಡಲು ಶುರುವಾದ ಮೇಲೆ ದೇಶಕ್ಕೆ ಎಷ್ಟು ಅಧ್ಯಕ್ಷರು ಬದಲಾದರೋ ದೇವರಿಗೇ ಗೊತ್ತು. ಆ ವರ್ಷ ವರ್ನಾಳ ಕಣ್ಣು ಮಂಜಾಯಿತು. "ಈ ತಿಂಗಳ ಕೊನೇ ಭಾನುವಾರ ಕೀ ಬೇರೆಯವರಿಗೆ ಕೊಟ್ಟುಬಿಡ್ತೀನಿ" ಎಂದು ಸಾರಿದಳು. ಯಾರಿಗೆ ಅಂತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ವರ್ನಾಳ ಬೆನ್ನ ಹಿಂದೆ ನಿಂತು ಇಪ್ಪತ್ತು ವರ್ಷ ತಪ್ಪಲೆ ತಿಕ್ಕಿದವಳು ಆರ್ಡಿಸ್. ಹಿಂದಿನ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದಾಗಲೂ ಎಡಗೈಯಲ್ಲಿ ತಿಕ್ಕಿದ್ದಳು. ಬಾಯಿಬಿಟ್ಟು ಎಂದೂ ಹೇಳಲಿಲ್ಲ, ಆದರೆ ಆ ಕೀ ಬೇಕು ಅಂತ ಅವಳಿಗೆ ಇದ್ದ ಆಸೆ ನನಗೂ ಗೊತ್ತಿತ್ತು, ಲೈಲನಿಗೂ ಗೊತ್ತಿತ್ತು.

ಅಷ್ಟರಲ್ಲಿ ಡುಲೂತ್‌ನಲ್ಲಿರುವ ತಂಗಿಗೆ ಮಂಡಿ ಆಪರೇಷನ್ ಆಗಿ ಆರ್ಡಿಸ್ ಹೊರಡಬೇಕಾಯಿತು. ಹೊರಡುವಾಗ ಗಂಡನ ಕಾಲರ್ ಹಿಡಿದು ಹೇಳಿದ್ದನ್ನು ಬೇಲಿಯಾಚೆ ನಿಂತ ನಾನೂ ಕೇಳಿಸಿಕೊಂಡೆ.

"ಲೈಲ್, ನಾನು ಬರೋವರೆಗೂ ಚರ್ಚಲ್ಲಿ ಏನೂ ಮಾಡ್ಬೇಡ. ಯಾರಿಗೂ ಏನೂ ಹೇಳ್ಬೇಡ. ಹೋಗು, ಕೂತ್ಕೋ, ಎಲ್ಲರೂ ಎದ್ದಾಗ ಎದ್ದೇಳು, ಮನೆಗೆ ಬಾ. ಗೊತ್ತಾಯ್ತಾ?"

"ಅಷ್ಟೂ ಗೊತ್ತಾಗಲ್ವಾ ನಂಗೆ?" ಅಂದ ಲೈಲ್.

ಇನ್ನು ಹಿಲ್ಡಾ. ವಸಂತದಲ್ಲಿ ಆರ್ಡಿಸಳ ಸೋದರಮಾವ, ಡಕೋಟಾ ಕಡೆ ಒಂಟಿಯಾಗಿದ್ದ ಮುದುಕ, ತೀರಿಕೊಂಡಿದ್ದ. ಅವನು ಬಿಟ್ಟುಹೋದ ಆಸ್ತಿ ಎರಡೇ: ಒಂದು ಮುದಿ ಹೆಣ್ಣು ನಾಯಿ, ಅದು ನೀರು ಕುಡಿಯುವ ಒಂದು ಬೋಗುಣಿ. ನಾಯಿಯ ಹೆಸರು ಹಿಲ್ಡಾ. ನೆಲ ಗುಡಿಸುವಷ್ಟು ಉದ್ದದ ಕಿವಿ, ಗೇಣುದ್ದದ ಕಾಲು, ಸೊಂಟ ಬಿದ್ದುಹೋಗಿ ಹಿತ್ತಲು ದಾಟಿ ಎಲ್ಲಿಗೂ ಹೋಗದು. ಊರಲ್ಲಿ ನನ್ನ ಹೊರತು ಅದನ್ನು ಕಂಡವರೇ ಇರಲಿಲ್ಲ. ಬೋಗುಣಿಯೂ ಅಂಥದ್ದೇ. ಪಿಂಗಾಣಿಯದೋ ಕಲ್ಲಿನದೋ ಹೇಳಲಾಗದಷ್ಟು ದಪ್ಪಗೆ ಸುಣ್ಣ ಕಟ್ಟಿತ್ತು. ತಳದಲ್ಲಿ ಟೇಪಿನ ತುಂಡು, ಅದರ ಮೇಲೆ ಆರ್ಡಿಸಳ ದುಂಡು ಅಕ್ಷರದಲ್ಲಿ "ಹಿಲ್ಡಾ." ನಮ್ಮೂರ ಹೆಂಗಸರು ಹಾಗೇ, ಪ್ರತಿ ಪಾತ್ರೆಯ ತಳಕ್ಕೂ ಟೇಪು ಅಂಟಿಸಿ ಹೆಸರು ಬರೆಯುತ್ತಾರೆ. ಬರೆಯದಿದ್ದರೆ ಚರ್ಚಿನ ಸಹಭೋಜನಕ್ಕೆ ಹೋದ ಪಾತ್ರೆ ಮತ್ತೆ ಮನೆ ಸೇರುವುದಿಲ್ಲ. ಆರ್ಡಿಸ್ ಆ ಅಭ್ಯಾಸದಲ್ಲಿ ನಾಯಿಯನ್ನೂ ಬಿಟ್ಟಿರಲಿಲ್ಲ.

ಹೆಂಡತಿ ಹೋದ ಮಾರನೇ ದಿನವೇ ಲೈಲನಿಗೆ ಕೈ ನವೆಯಾಯಿತು. ಡ್ವೇನ್‌ನ ಹಾರ್ಡ್‌ವೇರ್ ಅಂಗಡಿಯಲ್ಲಿ ನಾವು ಕಾಫಿ ಕುಡಿಯುತ್ತಿದ್ದಾಗ ಆ ಬೋಗುಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಡ್ವೇನ್ ಕ್ಯಾಥೊಲಿಕ್. ಅವನು ಬೋಗುಣಿಯನ್ನು ಬಡಿದು ನೋಡಿ, ಕಪಾಟಿನಿಂದ ಒಂದು ಆಸಿಡ್ ಡಬ್ಬಿ ಇಳಿಸಿದ.

"ಕೈಗವಸು ಹಾಕ್ಕೋ. ಕಿಟಕಿ ಎಲ್ಲಾ ತೆಗಿ. ಉಸಿರಾಡ್ಬೇಡ."

"ಆಮೇಲೆ ಅದ್ರಲ್ಲಿ ನಾಯಿ ನೀರು ಕುಡೀಬೇಕಲ್ಲಯ್ಯಾ!"

"ಹಂಗಾದ್ರೆ ಹೊಸ ಬೋಗುಣಿ ತಗೋ."

"ಇದು ಸತ್ತವರ ನೆನಪು ಕಣಯ್ಯಾ."

ನಾನು ಸುಮ್ಮನಿರಬಹುದಿತ್ತು. "ಲೈಲ್, ಆ ಕರೆ ಬಿಡಿಸೋದು ನಿಮ್ಮಪ್ಪನ ಕೈಲೂ ಆಗಲ್ಲ ಬಿಡು" ಅಂದೆ.

ಲೈಲ್ ಎದ್ದು ನಿಂತ. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳ ಮುಂದೆ ನಿಲ್ಲುತ್ತಿದ್ದ ಹಾಗೆ ಎದೆ ಉಬ್ಬಿಸಿದ. "ಬರೀ ವಿನೆಗರಲ್ಲಿ ಬಿಡಿಸ್ತೀನಿ ಕಣೋ ಮರ್ವಿನ್. ಎಂಥಾ ಶುದ್ಧ ಮಾಡ್ತೀನಿ ಅಂದ್ರೆ, ಪಾಸ್ಟರಮ್ಮ ಬಂದು ಅದ್ರಲ್ಲಿ ಊಟ ಮಾಡ್ಬೇಕು! ಭಾನುವಾರ ತಂದು ನಿನ್ನ ಮೂತಿಗೆ ಹಿಡೀತೀನಿ, ನೋಡ್ತಿರು."

ದೇವರು ನಮ್ಮ ಪ್ರಾರ್ಥನೆಗಳನ್ನು ಕೇಳಿಸಿಕೊಳ್ಳುತ್ತಾನೋ ಇಲ್ಲವೋ, ಹಾರ್ಡ್‌ವೇರ್ ಅಂಗಡಿಯಲ್ಲಿ ಆಡಿದ ಮಾತನ್ನು ಮಾತ್ರ ತಪ್ಪದೆ ಕೇಳಿಸಿಕೊಳ್ಳುತ್ತಾನೆ.

ವಾರವೆಲ್ಲ ಲೈಲನ ಅಡುಗೆಮನೆಯಿಂದ ಹುಳಿ ವಾಸನೆ ಬೇಲಿ ದಾಟಿ ಬಂತು. ವಿನೆಗರ್ ತುಂಬಿ ಇಟ್ಟ. ಸುಣ್ಣ ಬುಸ್ಸೆಂದು ನೊರೆಯೆದ್ದಿತು. ಸೋಡಾ ಕಲೆಸಿ ಹಚ್ಚಿದ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಬ್ರಷ್ಷು ಆರ್ಡಿಸಳದು. ಬಿಸಿ ವಿನೆಗರ್ ಹುಯ್ದ, ಮತ್ತೆ ತಿಕ್ಕಿದ. ಶನಿವಾರದ ಹೊತ್ತಿಗೆ ಪೊರೆ ಹಕ್ಕಳೆ ಹಕ್ಕಳೆಯಾಗಿ ಎದ್ದುಬಂದು ಒಳಗಿನಿಂದ ಕೆನೆಬಣ್ಣದ ಹಳೇ ಕಾಲದ ಪಿಂಗಾಣಿ, ಅದರ ಸುತ್ತ ನೀಲಿ ಪಟ್ಟೆ, ನಕ್ಕಂತೆ ಕಾಣಿಸಿತು. ಲೈಲ್ ಅದನ್ನು ಎತ್ತಿ ಹಿಡಿದು ಕಣ್ಣೀರು ಹಾಕಿಕೊಂಡನಂತೆ.

ಆಮೇಲೆ ನೀರು ತುಂಬಿಸಿ ಹಿಲ್ಡಾಳ ಮುಂದೆ ಇಟ್ಟ. ಹಿಲ್ಡಾ ಮೂಸಿದಳು. ಸೀನಿದಳು. ತಿರುಗಿ ಕುಂಟುತ್ತಾ ಹೋಗಿ, ಬೆರಳುದಪ್ಪ ಸುಣ್ಣ ಕಟ್ಟಿದ್ದ ಹೂವಿನ ಕುಂಡದ ತಟ್ಟೆಯಲ್ಲಿ ನೀರು ಕುಡಿದಳು.

"ಹೊಸದಲ್ವಾ, ಒಗ್ಗಿಕೊಳ್ತಾಳೆ" ಅಂದ ಲೈಲ್.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಸಹಭೋಜನ. ಲೈಲ್ ಬೋಗುಣಿಯನ್ನು ನನಗೆ ತೋರಿಸಲೆಂದೇ ಟವಲಿನಲ್ಲಿ ಸುತ್ತಿ ತಂದಿದ್ದ. ನಾನು ಇನ್ನೂ ಮೆಟ್ಟಿಲು ಇಳಿಯುತ್ತಿದ್ದೆ. ಅವನ ಕೈಗೆ ಯಾರೋ ಕಾಫಿ ಕೊಟ್ಟರು. ಕಾಫಿ ಹಿಡಿಯಲು ಕೈ ಬೇಕಲ್ಲ, ಬೋಗುಣಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಆ ಕಟ್ಟೆಯ ಮೇಲೆ ಇಟ್ಟದ್ದು ಇಟ್ಟವರದ್ದಲ್ಲ, ಇಡೀ ಚರ್ಚಿನದ್ದು. ಇದು ಬೈಬಲಿನಲ್ಲಿ ಬರೆದಿಲ್ಲ, ಆದರೆ ವರ್ನಾ ಹಾಗೆನ್ ಹೇಳಿದ್ದಾಳೆ. ಆ ದಿನ ಯಾರೋ ಆಲೂಗಡ್ಡೆ ಸಲಾಡನ್ನು ಹಳೇ ಐಸ್‌ಕ್ರೀಂ ಡಬ್ಬದಲ್ಲಿ ತಂದಿದ್ದರು. ವರ್ನಾ ಅದನ್ನು ಕಂಡು ಮುಖ ಕಿವುಚಿದಳು, ಕಟ್ಟೆಯ ಮೇಲೆ ಚೆಂದದ ಬೋಗುಣಿ ಕಂಡಳು, ಸುರಿದಳು.

ನಾನು ಬಾಯ್ತುಂಬ ಸಲಾಡ್ ತುಂಬಿಕೊಂಡಿದ್ದಾಗ ಲೈಲ್ ಮೇಜಿನ ಕೆಳಗೆ ನನ್ನ ತೊಡೆ ಜಿಗುಟಿದ. ಮುಖ ಬಿಳಿಚಿ ಸುಣ್ಣವಾಗಿತ್ತು.

"ಮರ್ವಿನ್, ಆ ಬೋಗುಣಿ…"

ನೋಡಿದೆ. ಕೆನೆಬಣ್ಣ, ನೀಲಿ ಪಟ್ಟೆ. ಅರ್ಥವಾಯಿತು. ನುಂಗಿದೆ. ಚರ್ಚಿನ ನೆಲಮಾಳಿಗೆಯಲ್ಲಿ ಉಗುಳುವುದನ್ನು ನಮಗೆ ಹಿರಿಯರು ಕಲಿಸಿಲ್ಲ.

ಅತ್ತ ಪಾಸ್ಟರ್ ಬ್ರಿಟಾ, ನಮ್ಮೂರಿಗೆ ಹೊಸದಾಗಿ ಬಂದ ಎಳೇ ವಯಸ್ಸಿನ ಹೆಣ್ಣುಮಗಳು, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. "ಆಹಾ, ಏನು ಹದವಾಗಿದೆ ಹುಳಿ! ಯಾರು ಮಾಡಿದ್ದು?"

ಆಗ ಹೇಳಿಬಿಡಬಹುದಿತ್ತು. ಲೈಲ್ ಬಾಯಿ ತೆರೆದ. ಪಾಸ್ಟರಮ್ಮನ ತುಟಿಯಂಚಿನಲ್ಲಿ ಅಂಟಿದ ಆಲೂಗಡ್ಡೆ ಚೂರು ಕಂಡ. ನಾಯಿ ಬೋಗುಣಿ ತಂದು ಕಟ್ಟೆಯ ಮೇಲಿಟ್ಟವನ ಹೆಂಡತಿಗೆ ಕೀ ಕೊಡುವವರುಂಟೇ? ಬಾಯಿ ಮುಚ್ಚಿದ.

ಪಾತ್ರೆ ತೊಳೆಯುವ ಹೊತ್ತಾಯಿತು. ವರ್ನಾ ಬೋಗುಣಿಯನ್ನು ದೀಪಕ್ಕೆ ಹಿಡಿದು, ಮೂಗಿನ ಹತ್ತಿರ ತಂದು, ಮಂಜುಗಣ್ಣಿನಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಕರೆ ಎಲ್ಲಿ?" ಅಂದಳು.

ಹೆಂಗಸರೆಲ್ಲ ಸುತ್ತುವರಿದರು. ಕರೆ ಇಲ್ಲ. ಓಸ್ಬರ್ಗಿನ ನೀರಿನಲ್ಲಿ ಕರೆಯಿಲ್ಲದ ಪಾತ್ರೆ! ವರ್ನಾ ತಳ ತಿರುಗಿಸಿ ಓದಿದಳು. "ಹಿಲ್ಡಾ… ಯಾರೇ ಇವಳು ಹಿಲ್ಡಾ? ಏನಯ್ಯಾ ಲೈಲ್, ನೀನಲ್ವಾ ಇದನ್ನ ತಂದಿದ್ದು?"

"ಹೂಂ… ನಮ್ಮನೇಲಿ ಇದಾಳೆ."

"ನಿಮ್ಮನೇಲಾ?"

"ಆರ್ಡಿಸ್ ಸೋದರಮಾವ ತೀರ್ಕೊಂಡ್ರಲ್ಲ, ಅವರ ಜೊತೆ ಇದ್ದವಳು. ಈಗ ಅವಳಿಗೆ ಯಾರೂ ಇಲ್ಲ."

"ಮದುವೆಯಾಗಿತ್ತಾ ಅವರದ್ದು?"

"ಇಲ್ಲಪ್ಪಾ!" ಲೈಲ್ ಬೆಚ್ಚಿಬಿದ್ದ.

"ಎಷ್ಟು ವರ್ಷ ಹಂಗೇ ಇದ್ರು?"

"ಹನ್ನೆರಡು ವರ್ಷ ಇರ್ಬೋದು."

ಲೂಥರನ್ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಎಲ್ಲರೂ ಒಟ್ಟಿಗೇ ನೆಲ ನೋಡಿದರು. ಪಾಸ್ಟರ್ ಬ್ರಿಟಾ ಗಂಟಲು ಸರಿಮಾಡಿಕೊಂಡು, "ತೀರ್ಪು ಕೊಡೋಕೆ ನಾವು ಯಾರು?" ಅಂದರು. "ಆರೋಗ್ಯ ಹೇಗಿದೆ ಅವರದ್ದು?"

"ಸೊಂಟ ಬಿದ್ದುಹೋಗಿದೆ ಪಾಸ್ಟರ್. ಕಿವಿನೂ ಅಷ್ಟಕ್ಕಷ್ಟೇ."

"ಪಾಪ" ಅಂದಳು ವರ್ನಾ. "ಆ ಸೊಂಟ ಇಟ್ಕೊಂಡು ಇಷ್ಟು ಚೊಕ್ಕಟ! ನಾವೂ ಇದೀವಿ, ದಂಡಕ್ಕೆ."

ಇದಿಷ್ಟರಲ್ಲಿ ಲೈಲ್ ಒಂದು ಸುಳ್ಳನ್ನೂ ಹೇಳಲಿಲ್ಲ, ಗಮನಿಸಬೇಕು. ಸುಳ್ಳು ಹೇಳುವಷ್ಟು ಬುದ್ಧಿ ಅವನಿಗಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮೂರಲ್ಲಿ ಕಷ್ಟದಲ್ಲಿರುವವರಿಗೆ ಸಮಾಧಾನ ಹೇಳುವ ರೂಢಿಯಿಲ್ಲ. ಮಾತಾಡಲು ನಮಗೆ ನಾಚಿಕೆ. ಬದಲಿಗೆ ಹಾಟ್‌ಡಿಶ್ ಮಾಡುತ್ತೇವೆ: ಕೊಚ್ಚಿದ ಮಾಂಸ, ಅಣಬೆಯ ಗಟ್ಟಿ ಸೂಪು, ಮೇಲೆ ಕರಿದ ಆಲೂಗಡ್ಡೆ ಹೊದಿಕೆ, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಒಲೆಗೆ ಹಾಕಿ ಬಾಗಿಲಲ್ಲಿ ಇಟ್ಟು ಓಡಿಬರುವುದು. ಸೋಮವಾರ ಲೈಲನ ಬಾಗಿಲಲ್ಲಿ ಒಂದು ಬಂತು. ಮಂಗಳವಾರ ಸಾಲು ಹಚ್ಚಿ ಬಂದವು. ಎಲ್ಲದರ ಮೇಲೂ ಚೀಟಿ, "ಹಿಲ್ಡಾಗೆ, ಪ್ರೀತಿಯಿಂದ." ಹಿಲ್ಡಾ ತಿಂದಳು. ಪ್ರೀತಿಯಿಂದಲೇ ತಿಂದಳು. ಮಿಕ್ಕಿದ್ದನ್ನು ಲೈಲ್ ತಿಂದ, ಅವನಿಂದಲೂ ಆಗದ್ದನ್ನು ಬೇಲಿಯ ಮೇಲಿಂದ ನನಗೆ ದಾಟಿಸಿದ.

ನೀವು ಕೇಳಬಹುದು, ಮರ್ವಿನ್, ನಿನಗೆಲ್ಲ ಗೊತ್ತಿತ್ತಲ್ಲ, ನೀನ್ಯಾಕೆ ಬಾಯಿಬಿಡಲಿಲ್ಲ ಅಂತ. ಮೊದಲನೆಯದಾಗಿ, ಇನ್ನೊಬ್ಬರ ತಪ್ಪು ತಿದ್ದುವುದು ನಮ್ಮಲ್ಲಿ ಅಸಭ್ಯತೆ. ಎರಡನೆಯದಾಗಿ, ನಾನು ಒಂಟಿ ಮನುಷ್ಯ, ಹಾಟ್‌ಡಿಶ್‌ಗಳು ಬಿಸಿಯಾಗಿದ್ದವು.

ಈಗ ಖಾಲಿ ತಟ್ಟೆ ಹಿಂದಿರುಗಿಸಬೇಕಲ್ಲ. ಹಿಲ್ಡಾಳ ಮನೆಯಿಂದ ಕರೆ ಕಟ್ಟಿದ ತಟ್ಟೆ ಹೋದರೆ ಮಾನ ಏನಾಗಬೇಡ? ಲೈಲ್ ಮತ್ತೆ ವಿನೆಗರ್ ಹಿಡಿದ. ಊರಿನ ತಟ್ಟೆಗಳನ್ನೆಲ್ಲ ನೆನೆಸಿ, ತಿಕ್ಕಿ, ಕನ್ನಡಿ ಮಾಡಿ ತಿರುಗಿ ಕಳಿಸಿದ. ಹೆಂಗಸರು ದಂಗಾಗಿಹೋದರು. ಅಜ್ಜಿಯ ಕಾಲದ ಕರೆ! ಮದುವೆಯಲ್ಲಿ ಬಂದ ತಟ್ಟೆಯ ಹೂವಿನ ಚಿತ್ತಾರ ಮತ್ತೆ ಕಾಣುತ್ತಿದೆ! "ಹಾಸಿಗೆ ಹಿಡಿದ ಹೆಂಗಸು ಕಣ್ರೇ, ನಮ್ಮ ಪಾತ್ರೆ ತಿಕ್ಕಿ ಕಳಿಸ್ತಾಳೆ!"

ಬುಧವಾರದಿಂದ ನನಗೊಂದು ಬದಲಾವಣೆ ಕಾಣಿಸಿತು. ತಟ್ಟೆಗಳು ದೊಡ್ಡದಾಗುತ್ತಿದ್ದವು, ಒಳಗಿನ ತಿನಿಸು ಚಿಕ್ಕದಾಗುತ್ತಿತ್ತು. ಮೊದಲು ತುಂಬಿ ತುಳುಕುತ್ತಿದ್ದದ್ದು ಈಗ ತಳದಲ್ಲಿ ಎರಡು ಚಮಚ. ಗುರುವಾರ ಒಬ್ಬಳು ಎರಡು ಕೈಯಲ್ಲಿ ಎತ್ತಲಾಗದ ಹಂಡೆಯಲ್ಲಿ ಮೂರು ಹುರುಳಿಕಾಯಿ ಇಟ್ಟು ಹೋದಳು. ಇನ್ನೊಬ್ಬಳು ಕೆಟಲಿನೊಳಗೆ ಒಂದು ಬಿಸ್ಕತ್ತು ಹಾಕಿ ಮುಚ್ಚಳ ಮುಚ್ಚಿದ್ದಳು. ಕೊನೆಗೆ ಚರ್ಚಿನ ದೊಡ್ಡ ಕಾಫಿ ಪಾತ್ರೆಯೇ ಕೈಗಾಡಿಯಲ್ಲಿ ಬಂತು, ಒಳಗಡೆ ಅಂಗೈಯಗಲದ ಸುಣ್ಣ, ಮೇಲ್ಗಡೆ "ಬೇಗ ಗುಣವಾಗಿ" ಎಂಬ ಚೀಟಿ. ಕಿಂಡಿಯಲ್ಲಿ ನೋಡಿದೆ, ಸ್ನಾನದ ತೊಟ್ಟಿಯಲ್ಲಿ ವಿನೆಗರ್ ತುಂಬಿ ಲೈಲ್ ಆ ಕಾಫಿ ಪಾತ್ರೆಯನ್ನು ಎಮ್ಮೆಯ ಮೈ ತಿಕ್ಕಿದ ಹಾಗೆ ತಿಕ್ಕುತ್ತಿದ್ದ.

"ಲೂಥರನ್ನರು ಇಷ್ಟೊಂದು ಉಪ್ಪಿನಕಾಯಿ ಹಾಕ್ತಿದ್ದಾರಾ?" ಅಂತ ಡ್ವೇನ್ ನನ್ನನ್ನು ಕೇಳಿದ. ಅವನ ಅಂಗಡಿಯಲ್ಲೂ ವಿನೆಗರ್ ಮುಗಿದಿತ್ತು, ದಿನಸಿ ಅಂಗಡಿಯಲ್ಲೂ ಮುಗಿದಿತ್ತು.

ಶುಕ್ರವಾರ ಬೆಳಿಗ್ಗೆ ಪಾಸ್ಟರ್ ಬ್ರಿಟಾ ಹಿಲ್ಡಾಳನ್ನು ಕಾಣಲು ಬಂದರು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ತಿನ್ನುತ್ತಿದ್ದೆ. ಲೈಲ್ ಮಲಗುವ ಕೋಣೆಯ ಬಾಗಿಲಿಗೆ ಅಡ್ಡ ನಿಂತ.

"ಮಲಗಿದಾಳೆ ಪಾಸ್ಟರ್."

ಒಳಗಿನಿಂದ ಗರಗಸ ಎಳೆದಂಥ ಗೊರಕೆ.

"ಅಯ್ಯೋ, ಉಸಿರಾಟಕ್ಕೆ ತುಂಬಾ ಕಷ್ಟ ಆಗ್ತಿದೆ ಅಲ್ವಾ?"

"ಅವಳಿಗೆ ಅಭ್ಯಾಸ. ಕೆಲವು ಸಲ ಕಾಲೂ ಒದರ್ತಾಳೆ."

"ಹೊರಗಡೆ ಗಾಳಿಗೆ ಕರ್ಕೊಂಡು ಹೋಗ್ತೀರಾ?"

"ದಿನಾ ಹೋಗ್ತೀವಿ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಹಿತ್ತಲಿಗೆ."

"ಹಿತ್ತಲಿಗಾ?" ಪಾಸ್ಟರಮ್ಮನ ಕಣ್ಣು ಅಗಲವಾಯಿತು. "ಅದಕ್ಕೆ? ಈ ಚಳಿಯಲ್ಲಿ?"

"ಒಳಗೆ ಮಾಡಿದ್ರೆ ಆರ್ಡಿಸ್ ಬೈತಾಳೆ."

ಪಾಸ್ಟರ್ ಬ್ರಿಟಾ ಕೈ ಜೋಡಿಸಿ, ಕಣ್ಣು ಮುಚ್ಚಿ, ಮುಚ್ಚಿದ ಬಾಗಿಲಿನೆದುರು ದೀರ್ಘವಾಗಿ ಪ್ರಾರ್ಥಿಸಿದರು. ಅದರಲ್ಲಿ ಹಿಲ್ಡಾಳಿಗಿಂತ ಆರ್ಡಿಸಳ ಮನಃಪರಿವರ್ತನೆಗೆ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ "ಆಮೆನ್" ಅಂದದ್ದೇ ತಡ, ಒಳಗಿನಿಂದ ಹಿಲ್ಡಾ "ಊಽಽಽ" ಎಂದು ಎಳೆದಳು. ಪಾಸ್ಟರಮ್ಮನ ಕಣ್ಣಲ್ಲಿ ನೀರು ತುಂಬಿತು. "ಪಾಪ, ಹಾಡೋಕೆ ನೋಡಿದ್ರು" ಅಂದರು. ಮಧ್ಯಾಹ್ನವೇ ಚರ್ಚಿನ ವತಿಯಿಂದ ಒಬ್ಬ ಕೊಳಾಯಿ ರಿಪೇರಿಯವನು ಬಂದು ಲೈಲನ ಶೌಚಾಲಯ ಪರೀಕ್ಷೆ ಮಾಡಿ, ಎಲ್ಲ ಸರಿಯಿದೆಯೆಂದು ಕಂಡು ಇನ್ನಷ್ಟು ಗಾಬರಿಯಾಗಿ ಹಿಂದಿರುಗಿದ.

ಸಂಜೆ ಅಡುಗೆಮನೆ ಸಮಿತಿ ಸೇರಿತು. ವರ್ನಾ ಡುಲೂತ್‌ಗೆ ಫೋನ್ ಮಾಡಿದಳು.

"ಆರ್ಡಿಸ್, ನೀನು ಬೇಜಾರು ಮಾಡ್ಕೋಬಾರ್ದಮ್ಮ. ಕೀ ವಿಚಾರ. ನಾವೆಲ್ಲ ಕೈ ಎತ್ತಿ ತೀರ್ಮಾನ ಮಾಡಿದೀವಿ, ಹಿಲ್ಡಾಗೆ ಕೊಡೋದು ಅಂತ."

"ಯಾವ ಹಿಲ್ಡಾ?"

"ನಿಮ್ಮನೆ ಹಿಲ್ಡಾನೇ ಕಣೇ. ಅಂಥಾ ಕೈ ಈ ಊರಲ್ಲಿ ಯಾರಿಗೂ ಇಲ್ಲ. ನೀನು ಅವರ ಕೈಕೆಳಗೆ ಇರು, ಕಲಿಯೋದು ಬೇಕಾದಷ್ಟಿದೆ. ಭಾನುವಾರ ಅವರನ್ನ ಕರ್ಕೊಂಡು ಬನ್ನಿ. ಮತ್ತೆ ಆರ್ಡಿಸ್… ಆ ಮುದಿಜೀವಾನ ಹಿತ್ತಲಿಗೆ ಕಳಿಸ್ಬೇಡಮ್ಮಾ."

ಶನಿವಾರ ಮಧ್ಯಾಹ್ನ ಆರ್ಡಿಸ್ ಬಂದಳು. ನಾನೂ ಲೈಲನೂ ಅವಳ ಮೇಜಿನ ಮುಂದೆ ಕೂತಿದ್ದೆವು. ಅವಳು ಕೋಟು ಬಿಚ್ಚಲಿಲ್ಲ. ಮೇಜಿನ ಮೇಲೆ, ಕುರ್ಚಿಯ ಮೇಲೆ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ ಇಟ್ಟಿದ್ದ ಊರವರ ಪಾತ್ರೆಗಳನ್ನು ನೋಡಿದಳು. ಸ್ನಾನದ ತೊಟ್ಟಿಯ ಕಾಫಿ ಪಾತ್ರೆ ನೋಡಿದಳು. ಡ್ರಮ್ಮಿನ ಹಾಗೆ ಊದಿಕೊಂಡು ನಡುಮನೆಯಲ್ಲಿ ಬಿದ್ದಿದ್ದ ಹಿಲ್ಡಾಳನ್ನು ನೋಡಿದಳು. ಕೊನೆಗೆ ತನ್ನ ಹಲ್ಲುಜ್ಜುವ ಬ್ರಷ್ಷು ನೋಡಿದಳು.

ಲೈಲ್ ಎಲ್ಲ ಹೇಳಿದ. ಒಂದೂ ಬಿಡದೆ ಹೇಳಿದ. "ನಿನ್ನ ಕೀ ತಪ್ಪಿಹೋಗುತ್ತಲ್ಲ ಅಂತ ಬಾಯಿ ಮುಚ್ಕೊಂಡೆ ಆರ್ಡಿಸ್. ನಿನಗೋಸ್ಕರಾನೇ."

"ಮುಚ್ಕೊಂಡಿದ್ದಕ್ಕೇ ನಾಯಿಗೆ ಹೋಯ್ತು."

"ಬೈದುಬಿಡೇ. ಹೊಡೆದ್ರೂ ಪರವಾಗಿಲ್ಲ."

ಅವಳು ಬೈಯಲಿಲ್ಲ. ಒಂದೊಂದೇ ತಟ್ಟೆ ತಿರುಗಿಸಿ ತಳದ ಹೆಸರು ಓದತೊಡಗಿದಳು. ಎಲ್ಲ ಓದಿಯಾದ ಮೇಲೆ, "ನನ್ನ ಕೈ ಮುರಿದಾಗ ಇವರಲ್ಲಿ ಒಬ್ಬರೂ ಒಂದು ಹಾಟ್‌ಡಿಶ್ ತರಲಿಲ್ಲ" ಅಂದಳು. ನಾನು ತಿನ್ನುತ್ತಿದ್ದದ್ದನ್ನು ಮೇಜಿನ ಮೇಲಿಟ್ಟೆ. ನಾನೂ ತಂದಿರಲಿಲ್ಲವಲ್ಲ.

"ಆರ್ಡಿಸ್, ಈಗೇನು ಮಾಡೋದು?" ಲೈಲ್ ಮೆಲ್ಲಗೆ ಕೇಳಿದ.

"ಹಿಲ್ಡಾನ ಕರ್ಕೊಂಡು ಬನ್ನಿ ಅಂದಿದ್ದಾರಲ್ಲ. ಕರ್ಕೊಂಡು ಹೋಗೋಣ."

ಮಾರನೇ ದಿನ ನೆಲಮಾಳಿಗೆಯಲ್ಲಿ ಹಿಂದೆಂದೂ ಸೇರದಷ್ಟು ಜನ. ಗೋಡೆಗೆ ಬಣ್ಣದ ಕಾಗದ, "ಸ್ವಾಗತ ಹಿಲ್ಡಾ" ಅಂತ ಬರಹ. ಅವಳ ಸೊಂಟಕ್ಕೆಂದು ಮೆತ್ತೆಯಿಟ್ಟ ಕುರ್ಚಿ. ವರ್ನಾ ಕೀಲಿಯನ್ನು ಸೊಂಟದಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು.

ಮೆಟ್ಟಿಲ ಮೇಲೆ ಮೊದಲು ಆರ್ಡಿಸ್ ಕಾಣಿಸಿದಳು, ಕಂಕುಳಲ್ಲಿ ಬೋಗುಣಿ. ಹಿಂದೆ ಹಿಲ್ಡಾಳನ್ನು ಕೂಸಿನಂತೆ ಎತ್ತಿಕೊಂಡು ಏದುಸಿರು ಬಿಡುತ್ತಾ ಲೈಲ್. ಹಿಲ್ಡಾಳನ್ನು ನೆಲಕ್ಕಿಳಿಸಿದರು. ಜನ ಇನ್ನೂ ಅವರ ಹಿಂದೆ ಮೆಟ್ಟಿಲ ಕಡೆಗೇ ನೋಡುತ್ತಿದ್ದರು.

"ಅವರೆಲ್ಲಿ?" ಅಂದರು ಪಾಸ್ಟರ್ ಬ್ರಿಟಾ.

ಆರ್ಡಿಸ್ ನಲ್ಲಿ ತಿರುಗಿಸಿ ಬೋಗುಣಿಗೆ ನೀರು ತುಂಬಿಸಿ, ನೆಲದ ಮೇಲಿಟ್ಟಳು. "ಹಿಲ್ಡಾ, ಬಾಮ್ಮ" ಅಂದಳು.

ಹಿಲ್ಡಾ ಕುಂಟುತ್ತಾ ಬೋಗುಣಿಯ ಹತ್ತಿರ ಹೋದಳು. ಮೂಸಿದಳು. ಸೀನಿದಳು. ಮುಖ ತಿರುಗಿಸಿ ಇಡೀ ಸಭೆಯನ್ನು ದಾಟಿ ಮೂಲೆಗೆ ಹೋಗಿ, ನೆಲ ಒರೆಸುವ ಬಕೆಟ್ಟಿನಲ್ಲಿ, ಸುಣ್ಣ ಕಟ್ಟಿದ ಅಂಚಿಗೆ ಗಂಟಲಿಟ್ಟು ಲೊಚಲೊಚ ಕುಡಿದಳು.

ನಾಯಿಯೂ ಮೂಸಿ ಬಿಟ್ಟ ಬೋಗುಣಿಯಲ್ಲಿ ನಾವು ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದೆವು. ಇದು ಒಬ್ಬೊಬ್ಬರ ತಲೆಗೂ ಒಂದೊಂದು ವೇಗದಲ್ಲಿ ಇಳಿಯಿತು. ಪಾಸ್ಟರಮ್ಮನ ಕೈ ನಿಧಾನಕ್ಕೆ ಬಾಯಿಗೆ ಹೋಯಿತು. ಕೊಳಾಯಿ ರಿಪೇರಿಯವನು ಮಾತ್ರ, "ಓ, ಅದಕ್ಕೇ ಹಿತ್ತಲು!" ಅಂತ ನಿರಾಳವಾದ.

"ಹೂಂ" ಅಂದಳು ವರ್ನಾ. "ಇದೊಂಥರಾ ಬೇರೆ." ನಮ್ಮಲ್ಲಿ ಇದಕ್ಕಿಂತ ಕಟುವಾದ ಬೈಗುಳವಿಲ್ಲ. ಆಮೇಲೆ ಕೀ ಮುಂದೆ ಚಾಚಿದಳು. "ತಗೋಳೇ ಆರ್ಡಿಸ್."

"ಹಿಲ್ಡಾಗೆ ಅಂತ ಕೈ ಎತ್ತಿದ್ರಂತೆ?"

"ಸಾಕು ಸುಮ್ನಿರೇ. ತಗೋ."

"ಹೋದ ಚಳಿಗಾಲ ನನ್ನ ಕೈ ಮುರಿದಿತ್ತು ವರ್ನಾ. ಒಂದು ತಟ್ಟೆ ಬರಲಿಲ್ಲ ನಮ್ಮನೆಗೆ."

"ನೀನು ಕೇಳಲಿಲ್ವಲ್ಲೇ!"

"ಹಿಲ್ಡಾನೂ ಕೇಳಲಿಲ್ಲ."

ವರ್ನಾಳ ಮಂಜುಗಣ್ಣು ಬಡಿದುಕೊಂಡಿತು. ಕೀಲಿಯನ್ನು ಆರ್ಡಿಸಳ ಸೊಂಟಕ್ಕೆ ತಾನೇ ಸಿಕ್ಕಿಸಿದಳು.

ಆರ್ಡಿಸ್ ಏಪ್ರನ್ ಕಟ್ಟಿಕೊಂಡಳು. ನಾವು ಹಗುರಾಗಿ ಉಸಿರುಬಿಟ್ಟೆವು, ಮುಗಿಯಿತು ಅಂದುಕೊಂಡೆವು. ಅವಳು ಬಗ್ಗಿ ನೆಲದ ಮೇಲಿನ ಬೋಗುಣಿ ಎತ್ತಿದಳು, ನೀರು ಚೆಲ್ಲಿದಳು, ಬಟ್ಟೆಯಲ್ಲಿ ಒರೆಸಿದಳು. ಫ್ರಿಜ್ಜು ತೆಗೆದು ಆಲೂಗಡ್ಡೆ ಸಲಾಡ್ ಅದರೊಳಗೆ ಸುರಿದಳು. ಮೇಜಿನ ನಡುಮಧ್ಯೆ ಇಟ್ಟು, ದೊಡ್ಡ ಚಮಚ ಹಿಡಿದು ನಿಂತಳು.

"ಯಾರಿಗೆ ಬಡಿಸ್ಲಿ?"

ಯಾರೂ ಕದಲಲಿಲ್ಲ. ಆದರೆ ಬಡಿಸಲು ನಿಂತವರಿಗೆ ಬೇಡ ಅನ್ನುವುದನ್ನು ಓಸ್ಬರ್ಗಿನಲ್ಲಿ ಯಾರಿಗೂ ಕಲಿಸಿಲ್ಲ. ಮೊದಲು ಪಾಸ್ಟರ್ ಬ್ರಿಟಾ ತಟ್ಟೆ ಹಿಡಿದು ಬಂದರು. ಅವರ ಹಿಂದೆ ವರ್ನಾ. ವರ್ನಾಳ ಹಿಂದೆ, ತಲೆ ತಗ್ಗಿಸಿಕೊಂಡು, ಕೈ ಎತ್ತಿದ್ದ ಸಮಿತಿಯವರೆಲ್ಲ ಒಬ್ಬರ ಹಿಂದೊಬ್ಬರು ಸಾಲುಗಟ್ಟಿದರು.

ನನ್ನ ಸರದಿ ಬಂತು. ಆರ್ಡಿಸ್ ಮುಖ ನೋಡಿದಳು. "ಮರ್ವಿನ್, ಇನ್ನೊಂದು ಸ್ವಲ್ಪ?"

ಕೀ ಅವಳ ಸೊಂಟದಲ್ಲಿ ಮಿನುಗುತ್ತಿತ್ತು. "ಹಾಕಮ್ಮ" ಅಂದೆ.